ಕೌದಿಯೊಳಗಿನ ಧೂಳಿನ ಚರಿತ್ರೆ



ಕೋಟೆ ಕಟ್ಟಿದವರ, ಕೆರೆ ಕಟ್ಟಿಸಿದವರ ಚರಿತ್ರೆಯನ್ನು ಬಲ್ಲವರು ನಿಮಗೆ ಹೇಳಿದ್ದಾರೆ, ಮುಂದೆಯೂ ಹೇಳುತ್ತಾರೆ. ನಾನು ಮ್ಯಾಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಹಳೆಯ ಲೆಜರುಗಳ ಖೋಲಿಯಲ್ಲಿ ಬಹಳ ವರ್ಷ ಕಳೆದವನಾದ್ದರಿಂದ ಧೂಳಿನ ಪರಿಚಯ ನನಗೆ ಚೆನ್ನಾಗಿದೆ. ಇವತ್ತು ಅದರ ಚರಿತ್ರೆಯನ್ನೇ ಹೇಳುತ್ತೇನೆ. ಬೀದಿಯ ಧೂಳಲ್ಲ, ಮನೆಯೊಳಗಿನ ಧೂಳು. ಹಾಸಿಗೆಯಲ್ಲಿ, ತಲೆದಿಂಬಿನಲ್ಲಿ, ಕೌದಿಯ ಹೊಲಿಗೆಯಲ್ಲಿ ಅಡಗಿ ಕೆಲವರಿಗೆ ಸೀನು ತರಿಸುವ, ಇನ್ನು ಕೆಲವರಿಗೆ ಉಸಿರೇ ಕಟ್ಟಿಸುವ ಧೂಳು.

ಈ ಬೇನೆಗೆ ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ದಮ್ಮು, ಉಬ್ಬಸ, ಗೂರಲು. ನಮ್ಮ ಮರಾಠಿ ನೆರೆಯವರು ದಮಾ ಎನ್ನುತ್ತಾರೆ, ಆದವಾನಿ ಕಡೆಯ ತೆಲುಗಿನವರು ಉಬ್ಬಸಂ ಎನ್ನುತ್ತಾರೆ, ಕಾಸರಗೋಡಿನಲ್ಲಿ ಮಲೆಯಾಳಿಗಳ ಬಾಯಲ್ಲಿ ವಲಿವು. ಗಡಿ ದಾಟಿದರೆ ಹೆಸರು ಬದಲಾಗುತ್ತದೆ, ಎದೆಯೊಳಗಿನ ಸಿಳ್ಳು ಬದಲಾಗುವುದಿಲ್ಲ. ಇನ್ನೊಂದೂ ಬದಲಾಗುವುದಿಲ್ಲ. ಮಗುವಿಗೆ ದಮ್ಮು ಬಂತೆಂದರೆ ಯಾವ ಭಾಷೆಯ ಮನೆಯಾದರೂ ಮೊದಲ ಮಾತು ತಾಯಿಗೇ: ಮನೆ ಹೊಲಸು ಇಟ್ಟಿದ್ದೀ, ಅದಕ್ಕೇ ಹೀಗಾಯಿತು. ಈ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಎಂಬುದು ಈ ಚರಿತ್ರೆಯನ್ನು ಕೇಳಿದ ಮೇಲೆ ನಿಮಗೇ ತಿಳಿಯುತ್ತದೆ.

ಮೊದಲು ನಿಮ್ಮನ್ನು 1552ಕ್ಕೆ ಕರೆದುಕೊಂಡು ಹೋಗುತ್ತೇನೆ. ಆಗ ವಿಜಯನಗರದಲ್ಲಿ ಸದಾಶಿವರಾಯನ ಹೆಸರಿನಲ್ಲಿ ಅಳಿಯ ರಾಮರಾಯ ಆಳುತ್ತಿದ್ದ ಕಾಲ. ಇತ್ತ ಯುರೋಪಿನ ಸ್ಕಾಟ್ಲೆಂಡಿನಲ್ಲಿ ಜಾನ್ ಹ್ಯಾಮಿಲ್ಟನ್ ಎಂಬ ಆರ್ಚ್‌ಬಿಷಪ್ ಇದ್ದ. ಆ ದೇಶದ ದೊಡ್ಡ ಧರ್ಮಗುರು, ರಾಜಕಾರಣದಲ್ಲೂ ದೊಡ್ಡ ಕೈ. ಹಣ ಇತ್ತು, ಅಧಿಕಾರ ಇತ್ತು, ಉಸಿರು ಮಾತ್ರ ಇರಲಿಲ್ಲ. ವರ್ಷಗಟ್ಟಲೆ ಉಬ್ಬಸದಿಂದ ನರಳಿದ. ಕೊನೆಗೆ ಇಟಲಿಯ ಮಿಲಾನಿನಿಂದ ಜಿರೊಲಾಮೊ ಕಾರ್ಡಾನೊ ಎಂಬ ವೈದ್ಯನನ್ನು ಕರೆಸಿದ. ಈ ಕಾರ್ಡಾನೊ ಬರೀ ವೈದ್ಯನಲ್ಲ, ಬೀಜಗಣಿತದಲ್ಲಿ ಇಂದಿಗೂ ಹೆಸರು ಉಳಿಸಿಕೊಂಡಿರುವ ಪಂಡಿತ, ಜೂಜುಗಾರ, ಜಾತಕ ಬರೆಯುವವನು ಕೂಡ. ತಿಂಗಳುಗಟ್ಟಲೆ ಪ್ರಯಾಣ ಮಾಡಿ ಎಡಿನ್‌ಬರೊ ಮುಟ್ಟಿದ. ಬಂದವನೇ ಔಷಧದ ಪೆಟ್ಟಿಗೆ ತೆಗೆಯಲಿಲ್ಲ. ರೋಗಿ ಹೇಗೆ ಉಣ್ಣುತ್ತಾನೆ, ಎಷ್ಟು ಹೊತ್ತು ಮಲಗುತ್ತಾನೆ, ಯಾವುದರ ಮೇಲೆ ಮಲಗುತ್ತಾನೆ ಎಂದು ದಿನಗಟ್ಟಲೆ ನೋಡುತ್ತ ಕೂತ. ಆಮೇಲೆ ಊಟ, ನಿದ್ರೆ, ವ್ಯಾಯಾಮಗಳಿಗೆ ಕಟ್ಟುಪಾಡು ಹಾಕಿದ. ಅದರ ಜೊತೆಗೇ ಹಕ್ಕಿಗರಿ ತುಂಬಿದ ಹಾಸಿಗೆಯನ್ನು ತೆಗೆಸಿ ರೇಷ್ಮೆಯದನ್ನು ಹಾಕಿಸಿದ.

ಆರ್ಚ್‌ಬಿಷಪ್ ಚೇತರಿಸಿಕೊಂಡ. ಕಾರ್ಡಾನೊ ಕೈತುಂಬ ಚಿನ್ನ ತೆಗೆದುಕೊಂಡು ಊರಿಗೆ ಹೋದ. ಹ್ಯಾಮಿಲ್ಟನ್ ಉಬ್ಬಸದಿಂದ ಸಾಯಲಿಲ್ಲ. 1571ರಲ್ಲಿ ರಾಜಕೀಯ ವೈರಿಗಳು ಅವನನ್ನು ಸ್ಟರ್ಲಿಂಗ್ ಎಂಬಲ್ಲಿ ಗಲ್ಲಿಗೇರಿಸಿದರು. ಉಸಿರಿಗಾಗಿ ಅಷ್ಟು ಖರ್ಚು ಮಾಡಿದವನ ಕೊರಳಿಗೆ ಹಗ್ಗ ಬಿತ್ತು! ಹಾಸಿಗೆ ಬದಲಿಸಿದ್ದರಿಂದಲೇ ಗುಣವಾಯಿತೆಂದು ಆಣೆ ಮಾಡಿ ಹೇಳಲು ಬರುವುದಿಲ್ಲ, ಏಕೆಂದರೆ ಒಟ್ಟಿಗೇ ಹತ್ತಾರು ಬದಲಾವಣೆಗಳಾಗಿದ್ದವು. ಆದರೂ ರೋಗದ ಮೂಲವನ್ನು ಹಾಸಿಗೆಯಲ್ಲಿ ಹುಡುಕಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆಮೇಲೆ 1700ರಲ್ಲಿ ಇಟಲಿಯವನೇ ಆದ ಬರ್ನಾರ್ಡಿನೊ ರಾಮಝಿನಿ ಎಂಬ ವೈದ್ಯ ಕಸುಬುದಾರರ ರೋಗಗಳ ಬಗ್ಗೆ ಪುಸ್ತಕವನ್ನೇ ಬರೆದ. ಕಾಳು ಕೇರುವವರು, ಅಳೆಯುವವರು, ನಾರು ಹಿಕ್ಕುವವರು ಧೂಳು ನುಂಗಿ ಕೆಮ್ಮಿ ಉಬ್ಬಸಪಡುವುದನ್ನು ಅದರಲ್ಲಿ ಬರೆದಿದ್ದಾನೆ. ರೋಗಿ ಬಂದರೆ ಅವನ ಕಸುಬು ಯಾವುದೆಂದು ಕೇಳಿರಿ ಎಂದು ವೈದ್ಯರಿಗೆ ಕಲಿಸಿದವನು ಅವನು. ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಪಿಂಜಾರರು ನೆನಪಾದರು. ಬಿಲ್ಲು ಹೆಗಲಿಗೇರಿಸಿ ಓಣಿ ಓಣಿ ತಿರುಗಿ ಹಳೆಯ ಗಾದಿಯ ಗಂಟುಗಟ್ಟಿದ ಹತ್ತಿಯನ್ನು ಎಕ್ಕಿ ಕೊಡುತ್ತಿದ್ದರು. ಗಾದಿ ನಮ್ಮದು ಹಗುರಾಗುತ್ತಿತ್ತು, ಅದರ ಧೂಳು ಅವರ ಎದೆಗೆ ಹೋಗುತ್ತಿತ್ತು. ಸೊಲ್ಲಾಪುರದ ಗಿರಣಿಗಳಲ್ಲಿ ದುಡಿದವರ ಮನೆಯವರಿಗೆ ಹತ್ತಿಯ ಧೂಳಿನ ಕೆಮ್ಮನ್ನು ನಾನು ವಿವರಿಸಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ 1819ರಲ್ಲಿ ಜಾನ್ ಬಾಸ್ಟಕ್ ಎಂಬ ವೈದ್ಯ, ಪ್ರತಿ ಬೇಸಿಗೆಯಲ್ಲಿ ತನಗೇ ಬರುತ್ತಿದ್ದ ಸೀನು, ಕಣ್ಣುರಿಯನ್ನು ವೈದ್ಯರ ಸಭೆಯಲ್ಲಿ ವರ್ಣಿಸಿದ. 1873ರಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬಾತ ತನ್ನ ಮೈಮೇಲೆಯೇ ಪ್ರಯೋಗ ಮಾಡಿ, ಅದು ಹುಲ್ಲಿನ ಪರಾಗದಿಂದ ಬರುತ್ತದೆಂದು ತೋರಿಸಿದ. 1906ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಎರಡು ಗ್ರೀಕ್ ಶಬ್ದ ಕೂಡಿಸಿ ‘ಅಲರ್ಜಿ’ ಎಂಬ ಹೆಸರು ಕಟ್ಟಿದ. ನಾವು ‘ಮೈಗೆ ಒಗ್ಗುವುದಿಲ್ಲ’ ಎಂದು ಎಷ್ಟೋ ಕಾಲದಿಂದ ಹೇಳುತ್ತಿದ್ದುದಕ್ಕೆ ಶಾಸ್ತ್ರದ ಹೆಸರು ಬಂತು, ಅಷ್ಟೇ.

ಪರಾಗದ ಲೆಕ್ಕ ಹೀಗೆ ಬಗೆಹರಿಯಿತು. ಆದರೆ ಮಳೆಗಾಲ, ಚಳಿಗಾಲಗಳಲ್ಲಿ, ಬಾಗಿಲು ಮುಚ್ಚಿದ ಮನೆಯೊಳಗೆ, ಅದರಲ್ಲೂ ರಾತ್ರಿ ಹಾಸಿಗೆಗೆ ಹೋದ ಮೇಲೆ ಏಳುವ ಉಬ್ಬಸ? ಅಲ್ಲಿ ಹೂವೂ ಇಲ್ಲ, ಹುಲ್ಲೂ ಇಲ್ಲ. 1920ರ ದಶಕದಲ್ಲಿ ಅಮೆರಿಕದ ವೈದ್ಯರು ಮನೆಯ ಧೂಳನ್ನೇ ನೀರಿನಲ್ಲಿ ಕದಡಿ, ಸೋಸಿ, ರೋಗಿಗಳ ಚರ್ಮಕ್ಕೆ ಮುಟ್ಟಿಸಿ ನೋಡಿದರು. ದದ್ದು ಎದ್ದಿತು. ಧೂಳಿನಲ್ಲಿ ಏನೋ ಇದೆ, ಏನೆಂದು ಗೊತ್ತಿಲ್ಲ. ಮಣ್ಣೋ, ಗರಿಯೋ, ಬೂಸ್ಟೋ, ಹತ್ತಿಯೋ? ಒಬ್ಬೊಬ್ಬರು ಒಂದೊಂದು ಹೇಳಿದರು. 1928ರಲ್ಲಿ ಜರ್ಮನಿಯ ಹೆರ್ಮಾನ್ ಡೆಕ್ಕರ್ ಎಂಬ ವೈದ್ಯ, ಹಾಸಿಗೆಯ ಧೂಳಿನಲ್ಲಿ ಸಣ್ಣ ನುಸಿಗಳಿವೆ, ಉಬ್ಬಸಕ್ಕೆ ಅವೇ ಕಾರಣ ಎಂದು ಬರೆದ. ಅವನ ಮಾತಿನ ಮೇಲೆ ಹೆಚ್ಚಿನವರು ಲಕ್ಷ್ಯ ಹಾಕಲಿಲ್ಲ.

ಲಕ್ಷ್ಯ ಬಿದ್ದದ್ದು ಹಾಲೆಂಡಿನಲ್ಲಿ. ಆ ದೇಶದ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಗೋಡೆಗೆ ಯಾವಾಗಲೂ ತೇವ. ಲೈಡನ್ ಎಂಬ ಊರಿನಲ್ಲಿ ಸ್ಟಾರ್ಮ್ ಫಾನ್ ಲೇವೆನ್ ಎಂಬ ಪ್ರೊಫೆಸರರು 1920ರ ದಶಕದಲ್ಲಿಯೇ ಧೂಳು ನುಸುಳದ ಖೋಲಿಗಳನ್ನು ಕಟ್ಟಿಸಿ ಉಬ್ಬಸದವರನ್ನು ಅದರಲ್ಲಿ ಇರಿಸಿದ್ದರು. ಬಹಳ ಜನಕ್ಕೆ ಆರಾಮವಾಯಿತು. ಅದೇ ಊರಿನಲ್ಲಿ ಮುಂದೆ ರೇಂಡರ್ಟ್ ಫೋರ್‌ಹಾರ್ಸ್ಟ್ ಎಂಬ ವೈದ್ಯರು ಒಂದು ವಿಷಯ ಹಿಡಿದರು: ತೇವದ ಮನೆಯ ಧೂಳು ಒಣಮನೆಯ ಧೂಳಿಗಿಂತ ಬಹಳ ಜೋರು. ಧೂಳು ಬರೀ ಮಣ್ಣಾಗಿದ್ದರೆ ತೇವಕ್ಕೂ ಅದಕ್ಕೂ ಏನು ಸಂಬಂಧ? ಅದರಲ್ಲಿ ಜೀವವಿರುವ ಏನೋ ಬೆಳೆಯುತ್ತಿರಬೇಕು. ಫ್ರಿಟ್ಸ್ ಸ್ಪೀಕ್ಸ್ಮಾ ಎಂಬ ತರುಣ ಜೀವವಿಜ್ಞಾನಿ ಧೂಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಹುಡುಕಿದರು. 1964ರಲ್ಲಿ ಇವರ ತಂಡ ಗುಟ್ಟು ಹೊರಗೆ ಹಾಕಿತು. ಧೂಳಿನಲ್ಲಿದ್ದದ್ದು ನುಸಿ. ಶಾಸ್ತ್ರದಲ್ಲಿ ಅದರ ಹೆಸರು ಡರ್ಮಟೊಫಗಾಯ್ಡೀಸ್, ಅಂದರೆ ಚರ್ಮ ತಿನ್ನುವಂಥದು. ಪ್ರಾಣಿಶಾಸ್ತ್ರದವರು ಅದನ್ನು 1897ರಲ್ಲಿಯೇ ಹೆಸರಿಟ್ಟು ದಾಖಲೆ ಮಾಡಿದ್ದರು. ಉಬ್ಬಸಕ್ಕೂ ಅದಕ್ಕೂ ಗಂಟು ಹಾಕಲು 67 ವರ್ಷ ಹಿಡಿಯಿತು. ಲೆಜರಿನಲ್ಲಿ ಎರಡು ಕಡೆ ನಮೂದಾದ ಒಂದೇ ರಕಮನ್ನು ಯಾರೂ ತಾಳೆ ನೋಡದಿದ್ದ ಹಾಗೆ.

ನುಸಿ ಎಂದೊಡನೆ ಕಾಸರಗೋಡಿನವರಿಗೆ ತೆಂಗಿನಕಾಯಿ ನೆನಪಾಗಬಹುದು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಕಾಯಿಗಳನ್ನು ಸೊರಗಿಸಿದ ನುಸಿ ಬೇರೆ ಜಾತಿ. ಇದು ತಗಣಿಯೂ ಅಲ್ಲ. ತಗಣಿ ಕಣ್ಣಿಗೆ ಕಾಣುತ್ತದೆ, ಕಚ್ಚುತ್ತದೆ, ರಕ್ತ ಹೀರುತ್ತದೆ. ಈ ನುಸಿ ಕಚ್ಚುವುದಿಲ್ಲ. ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲು, ಬಣ್ಣವಿಲ್ಲದ ಮೈ, ಎಂಟು ಕಾಲು. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟೇ ಅದರ ಆಹಾರ. ನೀರು ಕುಡಿಯುವ ಪದ್ಧತಿ ಅದಕ್ಕಿಲ್ಲ, ಗಾಳಿಯಲ್ಲಿನ ತೇವವನ್ನೇ ಮೈಗೆ ಹೀರಿಕೊಳ್ಳುತ್ತದೆ. ಗಾಳಿ ಬಹಳ ದಿನ ಒಣಗಿದರೆ ಅದೂ ಒಣಗಿ ಸಾಯುತ್ತದೆ. ಆದ್ದರಿಂದಲೇ ಎತ್ತರದ ಒಣ ಬೆಟ್ಟದ ಊರುಗಳಲ್ಲಿ, ಉದಾಹರಣೆಗೆ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ, ಅದು ಬಹಳ ಕಡಿಮೆ. ಮನುಷ್ಯ ಮಲಗುವ ಹಾಸಿಗೆಯಲ್ಲಿ ಬಿಸಿ, ಬೆವರು, ಹೊಟ್ಟು ಮೂರೂ ಸಿಗುವುದರಿಂದ ಅದರ ಸಂಸಾರ ಅಲ್ಲಿಯೇ.

ಇನ್ನೊಂದು ತಿರುವು 1981ರಲ್ಲಿ ಬಂತು. ಟೋವಿ, ಚಾಪ್‌ಮನ್, ಪ್ಲ್ಯಾಟ್ಸ್-ಮಿಲ್ಸ್ ಎಂಬ ಮೂವರು ವಿಜ್ಞಾನಿಗಳು, ನಮಗೆ ಒಗ್ಗದ ವಸ್ತುವಿನ ಬಹುಪಾಲು ಇರುವುದು ನುಸಿಯ ಹಿಕ್ಕೆಯಲ್ಲಿ ಎಂದು ತೋರಿಸಿದರು. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ಕೇಳಿ ಹೇಸಿಕೆಯಾಗಬಹುದು, ಆದರೆ ಮನೆಕೆಲಸದ ದೃಷ್ಟಿಯಿಂದ ಇದು ಬಹಳ ಉಪಯೋಗದ ಮಾತು. ನುಸಿಯನ್ನು ಕೊಂದರಷ್ಟೇ ಕೆಲಸ ಮುಗಿಯಲಿಲ್ಲ, ಹಿಕ್ಕೆ ಹಾಗೆಯೇ ಉಳಿದಿರುತ್ತದೆ. ಅದನ್ನು ತೊಳೆದು ತೆಗೆಯಬೇಕು. ಎರಡನೆಯದು, ಆ ಹಿಕ್ಕೆ ಸ್ವಲ್ಪ ಭಾರ. ಕೊಡವಿದಾಗ ಏಳುತ್ತದೆ, ಅರ್ಧ ತಾಸಿನೊಳಗೆ ಬಹುಮಟ್ಟಿಗೆ ಕೆಳಗೆ ಕೂಡುತ್ತದೆ. ಬೆಕ್ಕಿನ ಮೈಯ ಧೂಳು ಹಾಗಲ್ಲ, ಅದು ತಾಸುಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಜೊಂಡಿಗವನ್ನೂ ಮರೆಯಬೇಡಿರಿ. ಅಮೆರಿಕದ ದೊಡ್ಡ ನಗರಗಳ ಬಡವರ ಓಣಿಗಳಲ್ಲಿ ಮಕ್ಕಳ ದಮ್ಮಿಗೆ ಅದೇ ದೊಡ್ಡ ಕಾರಣವೆಂದು 1997ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ನಮ್ಮ ನಾಡಿನಲ್ಲಿಯೂ ಕೆಲಸ ನಡೆಯಿತು. 1970, 80ರ ದಶಕಗಳಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ನುಸಿ ತಜ್ಞ ಜಿ.ಪಿ. ಚನ್ನಬಸವಣ್ಣನವರೂ ಅವರ ಸಂಗಡಿಗರೂ ಬೆಂಗಳೂರಿನ ಮನೆಗಳ ಧೂಳನ್ನು ಶೋಧಿಸಿ ಅದರೊಳಗಿನ ನುಸಿಗಳನ್ನು ಎಣಿಸಿದರು. ಬೆಳೆಯ ನುಸಿಯನ್ನು ಬಲ್ಲವರು ಹಾಸಿಗೆಯ ನುಸಿಗೂ ಕೈಹಾಕಿದ್ದು ನನಗೆ ಮೆಚ್ಚುಗೆಯಾಯಿತು.

ಇನ್ನು ಧೂಳು ತೆಗೆಯುವ ಯಂತ್ರದ ಕತೆ. ಲಂಡನ್ನಿನಲ್ಲಿ ಧೂಳನ್ನು ಗಾಳಿಯಿಂದ ಊದಿ ಹಾರಿಸುವ ಯಂತ್ರವನ್ನು ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರ್ ನೋಡಿದ. ಊದಿದರೆ ಧೂಳು ಇಲ್ಲಿಂದ ಅಲ್ಲಿಗೆ ಹೋಗುತ್ತದಷ್ಟೇ, ಹೀರಿದರೆ ಹೇಗೆ ಎಂದುಕೊಂಡ. ಒಂದು ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಬಾಯಿಂದಲೇ ಜೋರಾಗಿ ಎಳೆದ. ಕೆಮ್ಮು ಬಂತು, ಕರವಸ್ತ್ರದ ಅಡಿಯಲ್ಲಿ ಧೂಳಿನ ಕರಿ ಗುರುತೂ ಮೂಡಿತು. 1901ರಲ್ಲಿ ಅವನು ಕಟ್ಟಿದ ಹೀರುಯಂತ್ರ ಎಷ್ಟು ದೊಡ್ಡದೆಂದರೆ ಅದನ್ನು ಕುದುರೆಗಳು ಎಳೆಯಬೇಕು. ಬೀದಿಯಲ್ಲಿ ನಿಲ್ಲಿಸಿ ಕಿಟಕಿಯೊಳಗಿಂದ ಕೊಳವೆ ಬಿಡುತ್ತಿದ್ದರು. 1902ರಲ್ಲಿ ಏಳನೆಯ ಎಡ್ವರ್ಡ್ ರಾಜನ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಜಮಖಾನೆಗಳನ್ನು ಅದರಿಂದಲೇ ಸ್ವಚ್ಛ ಮಾಡಿದರು.

ಆದರೆ ಮನೆಮನೆಗೆ ಯಂತ್ರ ಮುಟ್ಟಿಸಿದವನು ಇಂಜಿನಿಯರನಲ್ಲ, ಕಸಗುಡಿಸುವ ನೌಕರ. ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನ ಒಂದು ದೊಡ್ಡ ಅಂಗಡಿಯಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಕಸಗುಡಿಸುತ್ತಿದ್ದ. ವಯಸ್ಸಾಗಿತ್ತು, ಮೇಲೆ ದಮ್ಮು. ಗುಡಿಸಿದಾಗ ಏಳುವ ಧೂಳೇ ತನಗೆ ಮೃತ್ಯು ಎಂದು ಅವನಿಗೆ ಗೊತ್ತಾಗಿತ್ತು, ಆದರೆ ನೌಕರಿ ಬಿಟ್ಟರೆ ಊಟವಿಲ್ಲ. 1907ರಲ್ಲಿ ಒಂದು ಫ್ಯಾನಿನ ಮೋಟಾರು, ಕಸಬರಿಗೆಯ ಕೋಲು, ದಿಂಬಿನ ಗವಸು ಕೂಡಿಸಿ ಹೀರುಯಂತ್ರ ಮಾಡಿಕೊಂಡ. 1908ರಲ್ಲಿ ಪೇಟೆಂಟು ಸಿಕ್ಕಿತು. ಬಂಡವಾಳವಿರಲಿಲ್ಲವಾದ್ದರಿಂದ ತನ್ನ ಸಂಬಂಧಿಕರ ಪೈಕಿ ಹೂವರ್ ಎಂಬ ಚರ್ಮದ ಸಾಮಾನಿನ ವ್ಯಾಪಾರಿಗೆ ಹಕ್ಕು ಮಾರಿದ. ಹೂವರನ ಹೆಸರು ಲೋಕಪ್ರಸಿದ್ಧವಾಯಿತು. ದಮ್ಮಿನ ಕಸಗುಡಿಸುವವನ ಹೆಸರು ಎಷ್ಟು ಜನಕ್ಕೆ ಗೊತ್ತು? ಆ ಹಳೆಯ ಯಂತ್ರಗಳಿಗೆ ಒಂದು ಕೊರತೆ ಇತ್ತು. ದಪ್ಪ ಧೂಳು ಚೀಲದಲ್ಲಿ ನಿಲ್ಲುತ್ತಿತ್ತು, ನುಣ್ಣನೆಯದು ಬಟ್ಟೆಯ ಮೂಲಕ ತಿರುಗಿ ಖೋಲಿಗೇ ಬರುತ್ತಿತ್ತು. ಈಗಿನ ಯಂತ್ರಗಳಲ್ಲಿ ಇರುವ ಹೆಪಾ ಎಂಬ ಸೋಸುವ ಪದರಕ್ಕೆ ಮೂಲ 1940ರ ದಶಕದ ಅಣುಬಾಂಬಿನ ಕಾರ್ಖಾನೆ. ವಿಕಿರಣದ ಕಣ ಹೊರಗೆ ಹೋಗದಿರಲೆಂದು ಮಾಡಿದ್ದು ಗಾದಿಯ ಧೂಳಿಗೆ ಬಂತು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಗೆ ಬರೋಣ. ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಮಹಾನವಮಿಯ ಘಟ್ಟ ಹಾಕುವ ಮುಂಚೆ ಮನೆ ಸಾರಿಸಿ, ಸುಣ್ಣ ಬಳಿದು, ಮನೆಯಲ್ಲಿರುವ ಎಲ್ಲ ಕೌದಿ, ಚಾದರ, ವಾಕಳಗಳನ್ನು ಹಳ್ಳಕ್ಕೋ ಬಾವಿಗೋ ಒಯ್ದು ಒಗೆಯುವ ಪದ್ಧತಿ ನಿಮಗೆಲ್ಲ ಗೊತ್ತು. ಮರಾಠಿ ಮನೆಗಳಲ್ಲಿ ಗೋಧಡಿ ಒಗೆಯುವುದೂ ಅದೇ ಹೊತ್ತಿಗೆ. ಲೆಕ್ಕ ಹಾಕಿ ನೋಡಿರಿ, ಮಳೆಗಾಲ ಮುಗಿಯುವ ಹೊತ್ತು. ತೇವದಲ್ಲಿ ನುಸಿ ಹೆಚ್ಚುವುದೂ ಅದೇ ಮಳೆಗಾಲದಲ್ಲಿ. ನಮ್ಮ ಹಿರಿಯರಿಗೆ ನುಸಿ ಗೊತ್ತಿತ್ತೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಬಹಳ ಮಂದಿ ಇದ್ದಾರೆ, ಅವರ ಸಾಲಿಗೆ ನಾನು ಸೇರಲೊಲ್ಲೆ. ಅವರು ದೇವರಿಗಾಗಿ ಮಾಡಿದರು, ಮೈಲಿಗೆ ಕಳೆಯಲೆಂದು ಮಾಡಿದರು. ಆದರೆ ಮಾಡಿದ ಕೆಲಸ ಸರಿಯಾಗಿತ್ತು. ಅಗಸರು ಬಟ್ಟೆಯನ್ನು ಉಬ್ಬೆಗೆ ಹಾಕುವುದೂ ಹಾಗೆಯೇ. 55, 60 ಡಿಗ್ರಿ ಬಿಸಿಯಲ್ಲಿ ನುಸಿ ಉಳಿಯುವುದಿಲ್ಲವೆಂದು ಈಗ ಗೊತ್ತು, ಉಬ್ಬೆಯ ಹಬೆ ಅದಕ್ಕಿಂತ ಹೆಚ್ಚು ಬಿಸಿ. ಇನ್ನು ಬಿಸಿಲು. 1994ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಬೇಸಿಗೆಯಲ್ಲಿ ಜಮಖಾನೆಗಳನ್ನು ನೇರ ಬಿಸಿಲಿಗೆ ಹಾಕಿ ಪರೀಕ್ಷಿಸಿದರು, ಅದರೊಳಗಿನ ನುಸಿಗಳೆಲ್ಲ ಸತ್ತವು. ನಮ್ಮ ಅಂಗಳದ ಹಗ್ಗದ ಮೇಲೆ ಕೌದಿ ಒಣಗುವುದು ಸುಮ್ಮನೆ ಅಲ್ಲ.

ಈಗ ಬದಲಾದದ್ದು ಏನು? ಕೌದಿ ಹೋಗಿ ಸ್ಪಂಜಿನ ಗಾದಿ ಬಂದಿದೆ, ಅದನ್ನು ಒಗೆಯಲಾಗದು, ಎತ್ತಿ ಬಿಸಿಲಿಗೆ ಹಾಕುವುದೂ ಕಷ್ಟ. ಬಟ್ಟೆಯ ಸೋಫಾ ಬಂದಿದೆ. ಬೇಸಿಗೆಯಲ್ಲಿ ನೀರಿನ ಕೂಲರು ಹಚ್ಚಿ ಕಿಟಕಿ ಮುಚ್ಚುತ್ತೇವೆ. ಅಮೆರಿಕದ ಒಣ ಸೀಮೆಯಲ್ಲಿ ಇಂಥ ಕೂಲರಿರುವ ಮನೆಗಳಲ್ಲಿ ನುಸಿ ಹೆಚ್ಚು ಕಂಡುಬಂದಿದೆ. ಸೊಲ್ಲಾಪುರದ ಬಿಸಿಲು ನಮ್ಮನ್ನು ಸುಡುತ್ತದೆಂದು ಬೈಯುತ್ತೇವೆ, ಅದೇ ಬಿಸಿಲು ನುಸಿಯನ್ನೂ ಒಣಗಿಸುತ್ತಿತ್ತು. ವಯನಾಡು, ನೀಲಗಿರಿ, ಕಾಸರಗೋಡಿನ ಕೇಳುಗರಿಗೆ ಈ ಅನುಕೂಲ ಮೊದಲೇ ಕಡಿಮೆ. ನೀವು ಮಳೆಗಾಲದಲ್ಲಿ ಒಂದು ದಿನ ಬಿಸಿಲು ಬಿದ್ದರೂ ಹಾಸಿಗೆ ಹೊರಗೆ ಹಾಕಿರಿ.

ಹಾಗಾದರೆ ಮನೆ ಸ್ವಚ್ಛ ಮಾಡಿದರೆ ದಮ್ಮು ಹೋಗುತ್ತದೆಯೇ? ಇಲ್ಲಿ ಚರಿತ್ರೆ ಸ್ವಲ್ಪ ಕಹಿ. 2003ರಲ್ಲಿ ಇಂಗ್ಲೆಂಡಿನಲ್ಲಿ ದಮ್ಮಿನ 1,122 ಮಂದಿ ದೊಡ್ಡವರ ಮೇಲೆ ಪರೀಕ್ಷೆ ನಡೆಯಿತು. ಅರ್ಧ ಮಂದಿಗೆ ನುಸಿ ದಾಟದ ಹಾಸಿಗೆ ಗವಸು, ಇನ್ನರ್ಧಕ್ಕೆ ಸಾದಾ ಗವಸು. ಫಲ ಎರಡೂ ಕಡೆ ಒಂದೇ. ಗವಸಿನ ವ್ಯಾಪಾರಿಗಳಿಗೆ ಅದು ಕೆಟ್ಟ ವರ್ಷ. ಮರುವರ್ಷ, 2004ರಲ್ಲಿ, ಅಮೆರಿಕದ 7 ನಗರಗಳ 937 ಮಕ್ಕಳ ಅಧ್ಯಯನ ಬೇರೆ ಮಾತು ಹೇಳಿತು. ಅಲ್ಲಿ ಪ್ರತಿ ಮಗುವಿಗೆ ಯಾವುದು ಒಗ್ಗುವುದಿಲ್ಲವೆಂದು ಮೊದಲು ಪರೀಕ್ಷಿಸಿ, ಹಾಸಿಗೆ, ಜೊಂಡಿಗ, ತಂಬಾಕಿನ ಹೊಗೆ ಎಲ್ಲವನ್ನೂ ಒಟ್ಟಿಗೆ ನೋಡಿಕೊಂಡರು. ಮಕ್ಕಳಿಗೆ ಉಬ್ಬಸದ ದಿನಗಳು ಕಡಿಮೆಯಾದವು. ಒಂದು ಗವಸು ತಂದರೆ ಸಾಲದು, ಯಾರಿಗೆ ಏನು ಒಗ್ಗದು ಎಂಬುದು ಗೊತ್ತಿರಬೇಕು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಇನ್ನೂ ವಿಚಿತ್ರ ಕೇಳಿರಿ. ಅಮೆರಿಕದಲ್ಲಿ ಆಮಿಶ್, ಹಟರೈಟ್ ಎಂಬ ಎರಡು ಒಕ್ಕಲು ಪಂಗಡಗಳಿವೆ. ಎರಡೂ ಯುರೋಪಿನಿಂದ ವಲಸೆ ಬಂದವು, ಎರಡೂ ಹಳೆಯ ಪದ್ಧತಿಯವು, ಮನೆಗಳೂ ಅಚ್ಚುಕಟ್ಟು. ಆಮಿಶರು ಮನೆಗೆ ಹತ್ತಿಕೊಂಡೇ ದನ ಕಟ್ಟಿ ಕುದುರೆಯಿಂದ ಉಳುತ್ತಾರೆ, ಮಕ್ಕಳು ಕೊಟ್ಟಿಗೆಯಲ್ಲಿ ಆಡುತ್ತವೆ. ಹಟರೈಟರ ದೊಡ್ಡಿ ಮನೆಯಿಂದ ದೂರ, ಕೆಲಸವೆಲ್ಲ ಯಂತ್ರದಿಂದ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆಮಿಶ್ ಮಕ್ಕಳಲ್ಲಿ ದಮ್ಮು ನೂರಕ್ಕೆ ಸುಮಾರು 5, ಹಟರೈಟ್ ಮಕ್ಕಳಲ್ಲಿ ಸುಮಾರು 21. ಆಮಿಶರ ಮನೆಯ ಧೂಳನ್ನು ಇಲಿಗಳಿಗೆ ಮೂಸಿಸಿದರೆ ಅವಕ್ಕೂ ಉಬ್ಬಸದಿಂದ ರಕ್ಷಣೆ ಸಿಕ್ಕಿತು! ಕೊಟ್ಟಿಗೆಯ ಸೂಕ್ಷ್ಮಜೀವಿಗಳು ಎಳೆಯ ಮಕ್ಕಳ ಮೈಯನ್ನು ಪಳಗಿಸುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ. ಹಾಗೆಂದು ಈಗಾಗಲೇ ದಮ್ಮು ಇರುವ ಮಗುವನ್ನು ಗೋದಲಿಯಲ್ಲಿ ಮಲಗಿಸಬೇಡಿರಿ, ಅದು ಬೇರೆ ಲೆಕ್ಕ.

ಮನೆ ಹೊಲಸು ಇಟ್ಟಿದ್ದಕ್ಕೇ ಮಗುವಿಗೆ ದಮ್ಮು ಬಂತೆಂಬ ಮಾತನ್ನು ಈಗ ತೂಗಿ ನೋಡಿರಿ. ನುಸಿ ಇರುವುದು ಕಣ್ಣಿಗೆ ಕಾಣುವ ಕಸದಲ್ಲಿ ಅಲ್ಲ, ಮಾಳಿಗೆಯಿಂದ ಉದುರುವ ಮಣ್ಣಿನಲ್ಲಿಯೂ ಅಲ್ಲ. ದಿನಕ್ಕೆ ಎರಡು ಸಲ ಕಸ ಹೊಡೆದು ಒರೆಸಿದ ಮನೆಯ ಶುಭ್ರ ಹಾಸಿಗೆಯಲ್ಲಿಯೂ ಅದು ಇರುತ್ತದೆ. ಒಗ್ಗದ ಮೈ ಹುಟ್ಟಿನಿಂದ ಬರುವುದೂ ಉಂಟು, ತಂದೆಯ ಕಡೆಯಿಂದಲೂ ಬರುತ್ತದೆ. ಆದರೂ ಗಡಿಯ ನಮ್ಮ ಹಳ್ಳಿಗಳಲ್ಲಿ ಹುಡುಗಿಗೆ ದಮ್ಮು ಇದ್ದರೆ ಬೀಗರಿಂದ ಮುಚ್ಚಿಡುತ್ತಾರೆ. ಮದುವೆಯಾದ ಮೇಲೆ ಅವಳು ಪಂಪನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿಟ್ಟುಕೊಂಡು, ಹಬ್ಬದ ಮುಂಚೆ ಅಟ್ಟ ಹತ್ತಿ ಜೇಡ ಹೊಡೆಯುತ್ತಾಳೆ. ರಾತ್ರಿ ಉಸಿರು ಸಿಗದೆ ಕೂಡುತ್ತಾಳೆ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಮೀನಿನ ಔಷಧಕ್ಕೆ ಹೋಗಿ ಬರುವವರು ನಮ್ಮಲ್ಲಿ ಬಹಳ. ಅದರಿಂದ ದಮ್ಮು ವಾಸಿಯಾಗುತ್ತದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರ ಸಿಕ್ಕಿಲ್ಲ. ಹೋಗುವವರು ಹೋಗಲಿ, ಆದರೆ ಡಾಕ್ಟರು ಕೊಟ್ಟ ಪಂಪನ್ನು ಮನೆಯಲ್ಲಿ ಬಿಟ್ಟು ಹೋಗಬಾರದು. ಪಂಪು ಚಟವಲ್ಲ, ಔಷಧ.

ಮುಂದಿನ ಮಹಾನವಮಿಗೆ ಮನೆ ಸ್ವಚ್ಛ ಮಾಡುವಾಗ ಇಷ್ಟು ನೋಡಿಕೊಳ್ಳಿರಿ. ಕಸಬರಿಗೆಗೆ ಮುಂಚೆ ನೀರು ಚಿಮುಕಿಸಿರಿ, ಕಪಾಟು, ಜಂತಿಗಳನ್ನು ಒದ್ದೆ ಅರಿವೆಯಿಂದ ಒರೆಸಿರಿ. ದಿಂಬಿನ ಗವಸು, ಚಾದರಗಳನ್ನು ಎಂಟು ದಿನಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಹಾಸಿಗೆ ಕೊಡವುವುದು ಅಂಗಳದಲ್ಲಿ, ಗಾಳಿ ಹೊರಗೆ ಹೋಗುವ ದಿಕ್ಕಿಗೆ. ಆ ಹೊತ್ತಿನಲ್ಲಿ ದಮ್ಮಿನವರು, ಸೊಸೆಯಾದರೂ ಸರಿ ಅತ್ತೆಯಾದರೂ ಸರಿ, ಮನೆಯಿಂದ ಹೊರಗಿರಲಿ, ಧೂಳು ಕೂಡಲು ಒಂದು ತಾಸು ಬಿಟ್ಟು ಒಳಗೆ ಬರಲಿ. ಅಟ್ಟ ಹತ್ತುವ ಕೆಲಸ ಗಂಡಸರು ಮಾಡಿದರೂ ನಡೆಯುತ್ತದೆ.